ಡಬ್ಬದೊಳಗೆ ಏನಿದೆ? ಸೇನೆ ವ್ಯಾಪಾರಿಗಳಿಂದ ಕಲಿತ ಪಾಠ

ಆರ್ಡರ್ ಮಾಡಿದ ಪಾರ್ಸೆಲ್ ಎಲ್ಲಿದೆ ಅಂತ ನಾವೆಲ್ಲ ಫೋನಲ್ಲೇ ನೋಡ್ತೀವಿ. ಆದರೆ 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದಂಥ ದೊಡ್ಡ ಸೇನೆಗೇ ಈ ಅನುಕೂಲ ಇರಲಿಲ್ಲ. ಅದರಿಂದ ಏನಾಯ್ತು, ಆಮೇಲೆ ಏನು ಬದಲಾಯ್ತು ಅಂತ ಇಲ್ಲಿ ನೋಡೋಣ.

ಮೊದಲ ಪಾಠ: ಡಬ್ಬ

1956ರಲ್ಲಿ, ಲಾರಿ ಉದ್ಯಮದಿಂದ ಬಂದ ಮಾಲ್ಕಮ್ ಮೆಕ್ಲೀನ್ 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಕಂಟೇನರ್‌ಗಳನ್ನು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರು. ಮೂಟೆಗಳನ್ನು ಒಂದೊಂದಾಗಿ ಹೊರುವ ಬದಲು ಇಡೀ ಡಬ್ಬವನ್ನೇ ಕ್ರೇನ್‌ನಿಂದ ಎತ್ತಿದರಾಯ್ತು. ವಿಯೆಟ್ನಾಂ ಯುದ್ಧದಲ್ಲಿ ಬಂದರುಗಳು ಹಡಗುಗಳಿಂದ ಕಿಕ್ಕಿರಿದಾಗ ಸೇನೆ ಮೆಕ್ಲೀನ್ ಅವರ ಸೀ-ಲ್ಯಾಂಡ್ ಕಂಪನಿಗೇ ಗುತ್ತಿಗೆ ಕೊಟ್ಟಿತು. 1967ರಲ್ಲಿ ಡಾ ನಾಂಗ್, ಕ್ಯಾಮ್ ರಾನ್ ಬೇ ಬಂದರುಗಳಿಗೆ ಕಂಟೇನರ್ ಹಡಗುಗಳು ಬರತೊಡಗಿದವು. ದಿನಗಟ್ಟಲೆ ಹಿಡಿಯುತ್ತಿದ್ದ ಇಳಿಸುವ ಕೆಲಸ ಗಂಟೆಗಳಲ್ಲಿ ಮುಗಿಯಿತು.

ಎರಡನೇ ಪಾಠ: ಮಾಹಿತಿ

ಕೊಲ್ಲಿ ಯುದ್ಧಕ್ಕೆ ಸುಮಾರು 40,000 ಕಂಟೇನರ್‌ಗಳು ಹೋದವು. ಒಳಗೇನಿದೆ ಅಂತ ತಿಳಿಯಲು ಅರ್ಧಕ್ಕಿಂತ ಹೆಚ್ಚನ್ನು ತೆರೆದೇ ನೋಡಬೇಕಾಯ್ತು! ಕೇಳಿದ ಬಿಡಿಭಾಗ ಬರಲಿಲ್ಲ ಅಂತ ಸೈನಿಕರು ಅದನ್ನೇ ಮತ್ತೆ ಆರ್ಡರ್ ಮಾಡಿದರು. ರಾಶಿ ಇನ್ನೂ ಬೆಳೆಯಿತು, ಹುಡುಕೋದು ಇನ್ನೂ ಕಷ್ಟವಾಯ್ತು. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದುವ ಪಾಸಿಟಿವ್ ಫೀಡ್‌ಬ್ಯಾಕ್ ಅಂದ್ರೆ ಇದೇ.

ಪರಿಹಾರವಾಗಿ ಕಂಟೇನರ್‌ಗಳಿಗೆ ಬ್ಯಾಟರಿ ಇರುವ ಆರ್‌ಎಫ್‌ಐಡಿ ಟ್ಯಾಗ್ ಹಾಕಿದರು. ಬಂದರಿನ ಗೇಟಲ್ಲಿರುವ ರೀಡರ್ ಅದನ್ನು ಓದಿ ಸರ್ವರ್‌ಗೆ ಕಳಿಸುತ್ತದೆ. ಡಬ್ಬ ಎಲ್ಲಿದೆ, ಒಳಗೇನಿದೆ ಎರಡೂ ಗೊತ್ತಾಗುತ್ತದೆ.

ಮೂರನೇ ಪಾಠ: ಕಾಗದ

ಸರಕು ಸಾಗಿಸಲು ಸರ್ಕಾರದ್ದೇ ಬೇರೆ ರಸೀದಿ, ಬೇರೆ ಫಾರಂ ಇತ್ತು. ಸಾಗಣೆ ಕಂಪನಿಗಳಿಗೆ ಹಣ ಸಿಗೋದೂ ತಡ. 1990ರ ದಶಕದ ಕೊನೆಗೆ ರಕ್ಷಣಾ ಇಲಾಖೆ ಮಾರುಕಟ್ಟೆಯಲ್ಲಿ ಎಲ್ಲರೂ ಬಳಸುವ ಬಿಲ್ ಆಫ್ ಲೇಡಿಂಗ್ ಮತ್ತು ಬ್ಯಾಂಕಿನ ಆನ್‌ಲೈನ್ ಪಾವತಿ ವ್ಯವಸ್ಥೆಗೆ ಬದಲಾಯಿತು.

ಹಾಗಾದರೆ ಎಲ್ಲವನ್ನೂ ನಕಲು ಮಾಡಬಹುದಾ?

ಇಲ್ಲ. ವ್ಯಾಪಾರದಲ್ಲಿ ಗೋದಾಮು ಖಾಲಿ ಇದ್ದಷ್ಟೂ ಲಾಭ. ಬೇಕಾದಾಗ ಬೇಕಾದಷ್ಟೇ ತರಿಸಿದರೆ ಸಾಕು. ಹಬ್ಬಕ್ಕೆ ಬಟ್ಟೆ ಎಷ್ಟು ಮಾರಾಟವಾಗುತ್ತೆ ಅಂತ ಅಂಗಡಿಯವರು ಅಂದಾಜು ಮಾಡಬಹುದು, ಯುದ್ಧದ ಬೇಡಿಕೆಯನ್ನು ಹಾಗೆ ಮಾಡೋಕಾಗಲ್ಲ. ಟ್ಯಾಗ್‌ಗಳು ಬಂದ ಮೇಲೂ 2003ರ ಇರಾಕ್ ಯುದ್ಧದಲ್ಲಿ ಲಿಥಿಯಂ ಬ್ಯಾಟರಿ, ಟೈರುಗಳ ಕೊರತೆ ಕಾಡಿತು. ಅಂಗಡಿಯಲ್ಲಿ ಸರಕು ಮುಗಿದರೆ ಒಬ್ಬ ಗಿರಾಕಿ ಹೋಗ್ತಾನೆ, ಅಷ್ಟೇ. ಯುದ್ಧದಲ್ಲಿ ರೇಡಿಯೋಗೆ ಬ್ಯಾಟರಿ ಇಲ್ಲ ಅಂದ್ರೆ ಜೀವ ಹೋಗಬಹುದು.

ಆದ್ದರಿಂದ ನಾವು ನೆನಪಿಡಬೇಕಾದ್ದು ಇಷ್ಟು: ಡಬ್ಬ, ಟ್ಯಾಗ್, ಬಿಲ್ಲು ಇವನ್ನು ಮಾರುಕಟ್ಟೆಯಿಂದ ಧಾರಾಳವಾಗಿ ತಗೋಬಹುದು. ಎಷ್ಟು ದಾಸ್ತಾನು ಇಟ್ಟುಕೊಳ್ಳಬೇಕು ಅನ್ನೋ ಲೆಕ್ಕ ಮಾತ್ರ ಬೇರೆ. ಮುಂದೆ ಆಸ್ಪತ್ರೆಗೋ ಪ್ರವಾಹ ಪರಿಹಾರಕ್ಕೋ ಸಾಗಣೆ ವ್ಯವಸ್ಥೆ ಡಿಸೈನ್ ಮಾಡುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ 'ಖರ್ಚೆಷ್ಟು?' ಅಲ್ಲ, 'ಸರಕು ಬರದಿದ್ದರೆ ಏನಾಗುತ್ತೆ?'