ಬಂದ ರೂಪದಲ್ಲೇ ಉತ್ತರ: ಇ-ಮೇಲ್ ಕಲಿಸಿದ ಪಾಠ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ‘ನಿರ್ದೇಶನ’ ಅಧ್ಯಾಯದಲ್ಲಿ ಸಂವಹನದ ಅಂಶಗಳು ಬರುತ್ತವೆ. ಕಳುಹಿಸುವವರು, ಸಂದೇಶ, ಎನ್‌ಕೋಡಿಂಗ್, ಮಾಧ್ಯಮ, ಡಿಕೋಡಿಂಗ್, ಸ್ವೀಕರಿಸುವವರು, ಹಿಮ್ಮಾಹಿತಿ, ಇವುಗಳ ನಡುವೆ ತೊಂದರೆ ಕೊಡುವ ‘ನಾಯ್ಸ್’. ಪರೀಕ್ಷೆಗೆಂದು ನಾನೂ ಇದನ್ನು ಬಾಯಿಪಾಠ ಮಾಡಿದ್ದೆ. ಆದರೆ ಅರ್ಥವಾದದ್ದು ನಾನು ಕಳುಹಿಸಿದ ಒಂದು ಇ-ಮೇಲ್ ಎಡವಟ್ಟಾದ ಮೇಲೆ.

ವಿದ್ಯಾರ್ಥಿಗಳಿಗೆ ಧನಸಹಾಯ ನೀಡುವ ಒಂದು ಸಂಸ್ಥೆಗೆ ನಾನು ಅರ್ಜಿ ಹಾಕಿದ್ದೆ. ಅವರಿಂದ ಒಂದು ಮೇಲ್ ಬಂತು. ಅದರಲ್ಲಿ ಬಣ್ಣ, ಲೋಗೊ ಏನೂ ಇರಲಿಲ್ಲ, ಬರೀ ಅಕ್ಷರಗಳು. ಐದು ಪ್ರಶ್ನೆಗಳಿದ್ದವು. ಕೆಲವಕ್ಕೆ ‘ಹೌದು / ಇಲ್ಲ’ ಎಂದು ಬರೆದಿತ್ತು. ತಂದೆಯ ವಾರ್ಷಿಕ ಆದಾಯದ ಮುಂದೆ ಹೋದ ವರ್ಷದ ಮೊತ್ತ 72,000 ಎಂದಿತ್ತು. ಬದಲಾವಣೆ ಇದ್ದರೆ ಸರಿಪಡಿಸಿ, ಮೂರು ದಿನದೊಳಗೆ ಉತ್ತರಿಸಿ ಎಂದು ತಿಳಿಸಿದ್ದರು.

ನಾನು ಚೆಂದವಾಗಿ ಕಾಣಲಿ ಎಂದು ಬಹಳ ಶ್ರಮಪಟ್ಟೆ. ‘ಹೌದು / ಇಲ್ಲ’ದಲ್ಲಿ ನನ್ನ ಉತ್ತರಕ್ಕೆ ಕೆಂಪು ಬಣ್ಣ ಹಾಕಿದೆ. 72,000ದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹೊಸ ಆದಾಯ ಪ್ರಮಾಣಪತ್ರದಲ್ಲಿದ್ದ 96,000 ಎಂದು ಬರೆದೆ. ಪ್ರಥಮ ಪಿಯುಸಿ ಅಂಕಗಳನ್ನು ಎಕ್ಸೆಲ್‌ನಿಂದ ಕೋಷ್ಟಕದ ಸಮೇತ ತಂದು ಅಂಟಿಸಿದೆ.

ಮರುದಿನ ಉತ್ತರ ಬಂತು: ಮೂರು ಪ್ರಶ್ನೆಗಳಿಗೆ ನೀವು ಉತ್ತರಿಸಿಲ್ಲ. ಆದಾಯದ ಎರಡು ಮೊತ್ತ ಕೊಟ್ಟಿದ್ದೀರಿ, ನಿಜವಾದದ್ದು ಯಾವುದು? ಯಾವ ವಿಷಯಕ್ಕೆ ಎಷ್ಟು ಅಂಕ ಎಂಬುದು ತಿಳಿಯುತ್ತಿಲ್ಲ.

ಅಂಗಡಿಯಿಂದ ಬಂದ ಅಬ್ಬಾಗೆ ಇದನ್ನು ಉರ್ದುವಿನಲ್ಲಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಟಾ, ನಾವು ಆದಾಯದಲ್ಲಿ ಸುಳ್ಳು ಹೇಳಿದ ಹಾಗಾಯಿತಲ್ಲ” ಎಂದರು. ಹಣ ಬರುತ್ತದೋ ಇಲ್ಲವೋ ಎಂಬುದಕ್ಕಿಂತ ಆ ಮಾತೇ ನನಗೆ ಹೆಚ್ಚು ನೋವು ಕೊಟ್ಟಿತು.

ಎಡವಟ್ಟು ಎಲ್ಲಾಯಿತು?

ಅವರ ಉತ್ತರದ ಕೆಳಗೆ ನನ್ನ ಮೇಲ್ ಹೇಗೆ ತಲುಪಿತ್ತೋ ಹಾಗೇ ಇತ್ತು. ಬಣ್ಣ ಹೋಗಿತ್ತು, ಅಡ್ಡಗೆರೆಯೂ ಹೋಗಿತ್ತು. ಉಳಿದದ್ದು ‘ಹೌದು / ಇಲ್ಲ’ ಮತ್ತು ‘72,000 96,000’. ಕೋಷ್ಟಕದ ವಿಷಯಗಳು, ಅಂಕಗಳು ಒಂದರ ಕೆಳಗೊಂದು ಚೆಲ್ಲಾಪಿಲ್ಲಿಯಾಗಿದ್ದವು. ಕಾಲೇಜಿನ ಕಂಪ್ಯೂಟರ್ ಮೇಡಂಗೆ ತೋರಿಸಿದೆ. “ಅವರು ಮೇಲ್‌ಗಳನ್ನು ಪ್ಲೇನ್ ಟೆಕ್ಸ್ಟ್‌ನಲ್ಲಿ ನೋಡುತ್ತಾರೆ. ನೀನು ಉತ್ತರವನ್ನು ಅಕ್ಷರದಲ್ಲಿ ಬರೆಯಲಿಲ್ಲ, ಬಣ್ಣದಲ್ಲಿ ಬರೆದೆ” ಎಂದರು.

ಮೇಡಂ ವಿವರಿಸಿದಂತೆ ಇ-ಮೇಲ್ ಬರೆಯಲು ಮುಖ್ಯವಾಗಿ ಮೂರು ರೂಪಗಳಿವೆ.

ಒಂದು, ಪ್ಲೇನ್ ಟೆಕ್ಸ್ಟ್. ಇದರಲ್ಲಿ ಅಕ್ಷರ, ಅಂಕಿ, ಚಿಹ್ನೆ ಮಾತ್ರ. ಬಣ್ಣ, ದಪ್ಪಕ್ಷರ, ಕೋಷ್ಟಕ, ಫಾಂಟ್ ಯಾವುದೂ ಜೊತೆಗೆ ಹೋಗುವುದಿಲ್ಲ. 1982ರ ಇ-ಮೇಲ್ ನಿಯಮಾವಳಿ ಇಂಗ್ಲಿಷ್ ಅಕ್ಷರಗಳ ಬರೀ ಪಠ್ಯಕ್ಕೆ ಮಾತ್ರ ಇತ್ತು. 1992ರಲ್ಲಿ ‘ಮೈಮ್’ ಎಂಬ ಹೊಸ ನಿಯಮ ಬಂದ ಮೇಲೆ ಬೇರೆ ಲಿಪಿಗಳು, ಚಿತ್ರ, ಕಡತಗಳನ್ನು ಸೇರಿಸಲು ದಾರಿಯಾಯಿತು.

ಎರಡು, ಎಚ್‌ಟಿಎಂಎಲ್. ವೆಬ್ ಪುಟ ಬರೆಯುವ ಭಾಷೆಯೇ ಇದು. ಬಣ್ಣ, ಕೋಷ್ಟಕ, ಲಿಂಕ್, ಚಿತ್ರ ಎಲ್ಲಾ ಬರುತ್ತವೆ. ಜಿಮೇಲ್‌ನಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಹೀಗೆಯೇ. ಅದರ ಜೊತೆಗೆ ಒಂದು ಪ್ಲೇನ್ ಟೆಕ್ಸ್ಟ್ ಪ್ರತಿಯೂ ಹೋಗುತ್ತದೆ. ಯಾವುದನ್ನು ನೋಡಬೇಕು ಎಂಬುದು ಓದುವವರ ಕಡೆಯ ತೀರ್ಮಾನ. ಎಚ್‌ಟಿಎಂಎಲ್ ಮೇಲ್‌ನಲ್ಲಿ ಒಂದು ವಿಳಾಸ ತೋರಿಸಿ ಇನ್ನೊಂದು ವಿಳಾಸಕ್ಕೆ ಒಯ್ಯುವ ಲಿಂಕ್ ಅಡಗಿಸಬಹುದು. ಹಾಗಾಗಿ ಸುರಕ್ಷತೆಗೆಂದು ಕೆಲವರು ಪ್ಲೇನ್ ಟೆಕ್ಸ್ಟ್ ಮಾತ್ರ ನೋಡುತ್ತಾರೆ.

ಮೂರು, ರಿಚ್ ಟೆಕ್ಸ್ಟ್. ಇದು ಮೈಕ್ರೋಸಾಫ್ಟ್ ಔಟ್‌ಲುಕ್‌ನ ಸ್ವಂತ ರೂಪ. ಬೇರೆ ತಂತ್ರಾಂಶದಲ್ಲಿ ತೆರೆದರೆ ಕೆಲವೊಮ್ಮೆ ‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬ, ತೆರೆಯಲಾಗದ ಕಡತ ಮಾತ್ರ ಸಿಗುತ್ತದೆ. ಹೊರಗಿನವರಿಗೆ ಬರೆಯುವಾಗ ಇದನ್ನು ಬಿಡುವುದೇ ಒಳ್ಳೆಯದು.

ಹಾಗಾದರೆ ಯಾವುದನ್ನು ಆರಿಸಬೇಕು?

ಅಬ್ಬಾ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಗಿರಾಕಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ, ಉರ್ದುವಿನಲ್ಲಿ ಕೇಳಿದರೆ ಉರ್ದುವಿನಲ್ಲಿ ಉತ್ತರಿಸುತ್ತಾರೆ. ಯಾರೂ ಅವರಿಗೆ ಇದನ್ನು ಪಾಠ ಮಾಡಿಲ್ಲ. ಇ-ಮೇಲ್‌ಗೂ ಮೊದಲ ನಿಯಮ ಇದೇ: ಬಂದ ರೂಪದಲ್ಲೇ ಉತ್ತರಿಸಿ. ಔಟ್‌ಲುಕ್ ತಾನಾಗಿಯೇ ಹೀಗೆ ಮಾಡುತ್ತದೆ. ಪ್ಲೇನ್ ಟೆಕ್ಸ್ಟ್‌ನಲ್ಲಿ ಬಂದದ್ದಕ್ಕೆ ‘ರಿಪ್ಲೈ’ ಒತ್ತಿದರೆ ಪ್ಲೇನ್ ಟೆಕ್ಸ್ಟ್‌ನಲ್ಲೇ ತೆರೆಯುತ್ತದೆ.

ಇದರ ಅರ್ಥ ಯಾವಾಗಲೂ ಪ್ಲೇನ್ ಟೆಕ್ಸ್ಟ್ ಎಂದಲ್ಲ. ಒಬ್ಬ ವ್ಯಾಪಾರಿ ದರಪಟ್ಟಿಯ ಕೋಷ್ಟಕ ಕಳುಹಿಸಿ, ಇದರಲ್ಲೇ ತುಂಬಿ ಕೊಡಿ ಎಂದರೆ ಎಚ್‌ಟಿಎಂಎಲ್ ಅನ್ನೇ ಉಳಿಸಿಕೊಳ್ಳಬೇಕು. ಅಲ್ಲಿ ಪ್ಲೇನ್ ಟೆಕ್ಸ್ಟ್‌ಗೆ ಬದಲಾಯಿಸಿದರೆ ಅವರ ಕೋಷ್ಟಕವೇ ಮುರಿದುಹೋಗುತ್ತದೆ. ದೊಡ್ಡ ಲೆಕ್ಕವಿದ್ದರೆ ಎಕ್ಸೆಲ್ ಅಥವಾ ಪಿಡಿಎಫ್ ಕಡತ ಲಗತ್ತಿಸುವುದು ಸರಿ.

ಬಂದ ಮೇಲ್ ಯಾವ ರೂಪದ್ದು ಎಂದು ತಿಳಿಯಲು ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ನೋಡಿ. ‘ಟೆಕ್ಸ್ಟ್/ಪ್ಲೇನ್’ ಎಂದು ಮಾತ್ರ ಇದ್ದರೆ ಅದು ಪ್ಲೇನ್ ಟೆಕ್ಸ್ಟ್. ‘ಟೆಕ್ಸ್ಟ್/ಎಚ್‌ಟಿಎಂಎಲ್’ ಕೂಡ ಕಂಡರೆ ಎಚ್‌ಟಿಎಂಎಲ್. ಉತ್ತರವನ್ನು ಬದಲಾಯಿಸಲು, ಬರೆಯುವ ಚೌಕದ ಕೆಳಗಿನ ಮೂರು ಚುಕ್ಕಿ ಒತ್ತಿ ‘ಪ್ಲೇನ್ ಟೆಕ್ಸ್ಟ್ ಮೋಡ್’ ಆರಿಸಿ. ಔಟ್‌ಲುಕ್‌ನ ಹಳೆಯ ಮಾದರಿಯಲ್ಲಿ ‘ಫಾರ್ಮ್ಯಾಟ್ ಟೆಕ್ಸ್ಟ್’ ಎಂಬಲ್ಲಿ ಮೂರೂ ರೂಪಗಳಿವೆ.

ಕನ್ನಡ, ಉರ್ದು ಬರೆಯುವವರಿಗೆ

ಡಿಟಿಪಿ ಅಂಗಡಿಯಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಪತ್ರವನ್ನು ಮೇಲ್‌ಗೆ ಅಂಟಿಸಬೇಡಿ. ಆ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಕನ್ನಡ ಕಾಣುವುದು ಫಾಂಟ್‌ನಿಂದ. ಪ್ಲೇನ್ ಟೆಕ್ಸ್ಟ್‌ನಲ್ಲಿ ಫಾಂಟ್ ಹೋಗುವುದಿಲ್ಲ, ಆದ್ದರಿಂದ ಓದುವವರಿಗೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆದರೆ ಯಾವ ರೂಪದಲ್ಲೂ ಕನ್ನಡ ಕನ್ನಡವಾಗಿಯೇ ತಲುಪುತ್ತದೆ. ಉರ್ದುವಿಗೂ ಹಾಗೆಯೇ. ನಮಗೆ ಇಷ್ಟವಾದ ನಸ್ತಲೀಖ್ ಫಾಂಟ್ ಹೋಗಿ ನಸ್ಖ್‌ನಲ್ಲಿ ಕಾಣಬಹುದು, ಆದರೆ ಮಾತು ಉಳಿಯುತ್ತದೆ.

ಕಳುಹಿಸುವ ಮೊದಲು ಪರೀಕ್ಷಿಸಿ

1. ಬಂದ ಮೇಲ್ ಯಾವ ರೂಪದಲ್ಲಿದೆ ಎಂದು ನೋಡಿ.
2. ಬಣ್ಣ, ಅಡ್ಡಗೆರೆ, ದಪ್ಪಕ್ಷರ ಎಲ್ಲಾ ಹೋದರೂ ನನ್ನ ಉತ್ತರ ಅರ್ಥವಾಗುತ್ತದೆಯೇ ಎಂದು ಕೇಳಿಕೊಳ್ಳಿ. ಯಾವ ರೂಪದಲ್ಲಿ ಬರೆದರೂ ಇದನ್ನು ಕೇಳಿಕೊಳ್ಳಬೇಕು.
3. ತಪ್ಪು ಮೊತ್ತವನ್ನು ಅಡ್ಡಗೆರೆಯಿಂದ ಹೊಡೆಯಬೇಡಿ. ‘ಹಳೆಯದು ಇಷ್ಟು, ಈಗಿನದು ಇಷ್ಟು’ ಎಂದು ವಾಕ್ಯದಲ್ಲೇ ಬರೆಯಿರಿ.
4. ಪ್ರಶ್ನೆಯ ಸಂಖ್ಯೆ ಹಾಕಿ ಉತ್ತರಿಸಿ. ಅಂಕಗಳನ್ನು ಸಾಲಿಗೊಂದು ವಿಷಯದಂತೆ ಬರೆಯಿರಿ.
5. ಅನುಮಾನವಿದ್ದರೆ ‘ಪ್ಲೇನ್ ಟೆಕ್ಸ್ಟ್ ಮೋಡ್’ನಲ್ಲಿ ನಿಮಗೇ ಒಂದು ಪ್ರತಿ ಕಳುಹಿಸಿ, ಅದನ್ನು ತೆರೆದು ನೋಡಿ.

ಮೂರನೆಯ ದಿನ ಮಧ್ಯಾಹ್ನ ಕಾಲೇಜಿನ ಲ್ಯಾಬ್‌ನಲ್ಲೇ ಕೂತು ಪ್ಲೇನ್ ಟೆಕ್ಸ್ಟ್‌ನಲ್ಲಿ ಮತ್ತೆ ಬರೆದೆ. “ಪ್ರಶ್ನೆ 2: ಹೋದ ವರ್ಷದ ಆದಾಯ ರೂ. 72,000. ಈ ವರ್ಷದ ಪ್ರಮಾಣಪತ್ರದಂತೆ ರೂ. 96,000.” ಜೊತೆಗೆ ಪ್ರಮಾಣಪತ್ರದ ಪಿಡಿಎಫ್ ಲಗತ್ತಿಸಿದೆ. ಸಂಜೆ ಒಂದೇ ಸಾಲಿನ ಉತ್ತರ ಬಂತು: ವಿವರ ಸರಿಯಿದೆ, ಅರ್ಜಿ ಪರಿಶೀಲನೆಗೆ ಹೋಗಿದೆ.

ಹಣದ ಸುದ್ದಿ ಇನ್ನೂ ಬಂದಿಲ್ಲ. ಆದರೆ ಆ ಸಾಲನ್ನು ಓದಿ ಹೇಳಿದಾಗ ಅಬ್ಬಾ ಇನ್ನೊಮ್ಮೆ ಓದು ಎಂದರು. ನಾನು ಓದಿದೆ.