ಒಂದೇ ಮರ ಉಳಿದಾಗ

ಮಾರಿಷಸ್‌ಗೆ ಸೇರಿದ ರಾಡ್ರಿಗಸ್ ದ್ವೀಪದಲ್ಲಿ ಅಳಿದೇ ಹೋಯ್ತು ಅಂದುಕೊಂಡಿದ್ದ ‘ಕೆಫೆ ಮರೋ’ ಗಿಡ 1980ರಲ್ಲಿ ಒಬ್ಬ ಶಾಲಾ ಹುಡುಗನ ಕಣ್ಣಿಗೆ ಬಿತ್ತು. ಉಳಿದಿದ್ದು ಅದೊಂದೇ! 1986ರಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳಿಸಿದ ಅದರ ಕಡ್ಡಿ ಬೇರು ಬಿಟ್ಟು ವಂಶ ಉಳೀತು.

ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಲ್ಲೂ ಹೀಗೇ ಒಂಟಿ ಮರ: ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು. ಹಲಸಿಗೆ ಬೇರೆ ಮರದ ಪರಾಗ ಬೆರೆಯುವುದರಿಂದ ಬೀಜ ಹಾಕಿದ್ರೆ ಅದೇ ಹಣ್ಣು ಬರಲ್ಲ, ಕಸಿಯೇ ಆಗಬೇಕು. ಮರದ ಗುಣ ಅರಿತು ಕಾಪಾಡಿದ್ದು ರೈತ ಕುಟುಂಬ, ಕಸಿ ಮಾಡಿ ಹೆಚ್ಚಿಸಿದ್ದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ. 2017ರ ಒಪ್ಪಂದದಂತೆ ಸಸಿ ಮಾರಾಟದ ಆದಾಯದಲ್ಲಿ ಶೇ. 75 ರೈತರಿಗೇ.

ನಮ್ಮ ಹಿತ್ತಲುಗಳಲ್ಲೂ ಇಂಥ ಮರ ಇರಬಹುದು. ಯಾವುದು ಅಂತ ಅಜ್ಜಿಗೆ ಗೊತ್ತಿರುತ್ತೆ. ರಜೆಗೆ ಹೋದಾಗ ಕೇಳೋಣ, ಕೊಡಲಿ ಬೀಳೋ ಮುಂಚೆ.