ಅಂಟಿಕೆ-ಪಂಟಿಕೆ

ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಗಳಲ್ಲಿ ಮನೆಗಳು ತೋಟ, ಗದ್ದೆ, ಕಾಡುಗಳ ನಡುವೆ ಚದುರಿ ನಿಂತಿವೆ. ಮಳೆಗಾಲದಲ್ಲಿ ನೆರೆಹೊರೆಯವರ ಭೇಟಿಯೇ ಅಪರೂಪ. ಈ ದೂರವನ್ನು ದೀಪಾವಳಿಯ ಅಂಟಿಕೆ-ಪಂಟಿಕೆ ಅಳಿಸುತ್ತದೆ.

ಬಲಿಪಾಡ್ಯಮಿಯ ಇರುಳಿನಲ್ಲಿ ಹಾಡುಗಾರರ ತಂಡವು ಹಚ್ಚಿದ ದೀಪವನ್ನು ಹಿಡಿದು ಮನೆಮನೆಗೆ ನಡೆಯುತ್ತದೆ. ಮುಂದಿನವರು ಹಾಡಿದ ಸೊಲ್ಲನ್ನು ಹಿಂದಿನವರು ಎತ್ತಿ ಹಾಡುತ್ತಾರೆ. ಮನೆಯವರು ಆ ಜ್ಯೋತಿಯಿಂದ ತಮ್ಮ ದೀಪವನ್ನು ಹೊತ್ತಿಸಿಕೊಂಡು, ತಂಡದ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಣಿಕೆಗಳನ್ನು ನೀಡುತ್ತಾರೆ. ಗಾಳಿ ಬೀಸಲಿ, ಹಳ್ಳ ಅಡ್ಡಬರಲಿ, ದಾರಿಯಲ್ಲಿ ದೀಪ ನಂದಬಾರದು. ಕೊನೆಗೆ, ಕೂಡಿಬಂದುದರಿಂದ ಅಡಿಗೆ ಮಾಡಿ ಎಲ್ಲರೂ ಒಟ್ಟಾಗಿ ಉಣ್ಣುತ್ತಾರೆ.

ಈ ಹಾಡುಗಳು ಬಾಯಿಂದ ಬಾಯಿಗೆ ಬಂದವು. ಅವನ್ನು ಬಲ್ಲ ಹಿರಿಯರು ಇಂದು ವಿರಳರಾಗುತ್ತಿದ್ದಾರೆ. ದೀಪಕ್ಕೆ ಎಣ್ಣೆಯನ್ನು ಯಾರಾದರೂ ಎರೆದಾರು. ಹಾಡನ್ನು ಮಾತ್ರ ಕಲಿತವರೇ ಮುಂದಿನ ಮನೆಗೆ ಒಯ್ಯಬೇಕು.